ಬ್ಲೂಗ್ರಾಸ್ ಮ್ಯೂಸಿಕಲ್‌ಗಳಲ್ಲಿ ಬ್ಯಾಂಡ್ ರಂಗದ ಮೇಲೇ ಇರಬೇಕಾ?

ಐದನೇ ತಂತಿ

ಎಲ್ಲರಿಗೂ ನಮಸ್ಕಾರ. ನಾನು ನಾರ್ತ್ ಕೆರೊಲಿನಾದಲ್ಲಿದ್ದೇನೆ, ಆರು ವರ್ಷದಿಂದ ಬ್ಯಾಂಜೊ ಕಲಿಯುತ್ತಿದ್ದೇನೆ. ಹೋದ ಶನಿವಾರ ಇಲ್ಲಿಯ ಒಂದು ಹವ್ಯಾಸಿ ತಂಡ ಆಡಿದ 'ಬ್ರೈಟ್ ಸ್ಟಾರ್' ನೋಡಿ ಬಂದೆ. ಅದು ಮ್ಯೂಸಿಕಲ್, ಅಂದರೆ ಹಾಡು ಮಾತು ಸೇರಿಸಿ ಕಥೆ ಹೇಳುವ ನಾಟಕ. ಹಾಡೆಲ್ಲ ಬ್ಲೂಗ್ರಾಸ್, ಅಂದರೆ ಪಿಟೀಲು, ಬ್ಯಾಂಜೊ ಥರದ ತಂತಿವಾದ್ಯಗಳ ಅಮೆರಿಕದ ಸಂಗೀತ. ಎರಡು ವರ್ಷದ ಹಿಂದೆ ಇದೇ ನಾಟಕವನ್ನು ಬೇರೆ ಊರಿನಲ್ಲಿ ಬೇರೆ ತಂಡದವರು ಆಡಿದ್ದನ್ನು ನೋಡಿದ್ದೆ. ಆಗ ಪರವಾಗಿಲ್ಲ ಅನ್ನಿಸಿತ್ತು, ಅಷ್ಟೇ. ಈ ಸಲ ಮನೆಗೆ ಬಂದ ಮೇಲೆ ನಿದ್ದೆಯೇ ಹತ್ತಲಿಲ್ಲ. ಹಾಡು ಅವೇ, ಮಾತು ಅವೇ, ನಟರೂ ಹೆಚ್ಚುಕಮ್ಮಿ ಅದೇ ಮಟ್ಟದವರು. ಬದಲಾಗಿದ್ದು ಒಂದೇ. ಮೊದಲ ಸಲ ವಾದ್ಯದವರು ರಂಗದ ಕೆಳಗೆ ಪಿಟ್‌ನಲ್ಲಿ ಕೂತಿದ್ದರು, ಸದ್ದೆಲ್ಲ ಸ್ಪೀಕರಿನಿಂದ ಬರುತ್ತಿತ್ತು. ಈ ಸಲ ಏಳು ಜನ ವಾದ್ಯದವರೂ ರಂಗದ ಮೇಲೆ, ಗೋಡೆಯಿಲ್ಲದ ಒಂದು ಮರದ ಮನೆಯೊಳಗೆ ನಿಂತಿದ್ದರು.

ಒಂದು ಗಳಿಗೆ ಮಾತ್ರ ಹೇಳುತ್ತೇನೆ. ನಾಯಕಿ ಆಲಿಸ್ ಪಾತ್ರದವಳು ಮೊದಲ ಹಾಡು ಶುರು ಮಾಡುವ ಮುಂಚೆ ಉಸಿರು ಎಳೆದುಕೊಂಡಳು. ಅವಳಿಂದ ನಾಲ್ಕಡಿ ದೂರದಲ್ಲಿ ಪಿಟೀಲಿನವರು, ಅರವತ್ತು ದಾಟಿದ ಹೆಂಗಸು. ಅವರ ಕಣ್ಣು ಹಾಳೆಯ ಮೇಲಿರಲಿಲ್ಲ, ಈ ಹುಡುಗಿಯ ಭುಜದ ಮೇಲಿತ್ತು. ಭುಜ ಮೇಲೆದ್ದಾಗ ಕಮಾನೂ ಮೇಲೆದ್ದಿತು. ಭುಜ ಇಳಿದಾಗ ಕಮಾನು ತಂತಿಗೆ ತಾಗಿತು. ಹಾಡು ಎಲ್ಲಿ ಶುರುವಾಯಿತು, ಗಂಟಲಲ್ಲೋ ಪಿಟೀಲಿನಲ್ಲೋ, ನನಗೆ ಗೊತ್ತಾಗಲಿಲ್ಲ.

ನಾಟಕ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದನ್ನು ಬರೆದವರು ಸ್ಟೀವ್ ಮಾರ್ಟಿನ್ ಮತ್ತು ಈಡಿ ಬ್ರಿಕೆಲ್. ಹೌದು, ಹಾಸ್ಯ ಸಿನಿಮಾಗಳ ಅದೇ ಸ್ಟೀವ್ ಮಾರ್ಟಿನ್, ಅವರು ಬಹಳ ಒಳ್ಳೆಯ ಬ್ಯಾಂಜೊ ವಾದಕ ಕೂಡ. 2013ರಲ್ಲಿ ಇಬ್ಬರೂ ಸೇರಿ ಒಂದು ಆಲ್ಬಮ್ ಮಾಡಿದರು. ಅದರಲ್ಲಿದ್ದ ಒಂದು ಹಾಡಿನಿಂದಲೇ ನಾಟಕ ಬೆಳೆಯಿತು. ಆ ಹಾಡಿನ ಬೇರು ನಿಜವಾಗಿ ನಡೆದ ಘಟನೆ: 1902ರಲ್ಲಿ ಮಿಸೌರಿಯಲ್ಲಿ ಓಡುವ ರೈಲಿನಿಂದ ಎಸೆದಿದ್ದ ಪೆಟ್ಟಿಗೆಯೊಳಗೆ ಒಂದು ಹಸುಗೂಸು ಜೀವಂತ ಸಿಕ್ಕಿತ್ತು. ನಾಟಕದಲ್ಲಿ ಕಥೆ ನಾರ್ತ್ ಕೆರೊಲಿನಾದ ಬ್ಲೂ ರಿಜ್ ಬೆಟ್ಟಗಳಿಗೆ ಬಂದಿದೆ, 1923 ಮತ್ತು 1945, ಎರಡು ಕಾಲದಲ್ಲಿ ಓಡಾಡುತ್ತದೆ. 2014ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಮೊದಲು ಆಡಿದರು, 2016ರ ಮಾರ್ಚ್‌ನಲ್ಲಿ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳ ವಲಯಕ್ಕೆ ಬಂತು, ಜೂನ್‌ನಲ್ಲಿ ನಿಂತೇಹೋಯಿತು. 109 ಪ್ರದರ್ಶನ ಅಷ್ಟೇ. ಬ್ರಾಡ್‌ವೇಯಲ್ಲೂ ಬ್ಯಾಂಡ್ ಇದ್ದದ್ದು ಮರದ ಮನೆಯ ಚೌಕಟ್ಟಿನೊಳಗೇ, ನಟರೇ ಅದನ್ನು ರಂಗದ ಮೇಲೆ ತಳ್ಳಿಕೊಂಡು ತಿರುಗಿಸುತ್ತಿದ್ದರು.

ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ: ಬ್ಲೂಗ್ರಾಸ್ ಹಾಡಿನ ನಾಟಕದಲ್ಲಿ ಬ್ಯಾಂಡ್ ಕಾಣಿಸಲೇಬೇಕು. ಇಲ್ಲದಿದ್ದರೆ ಅರ್ಧ ನಾಟಕ ಕೈತಪ್ಪುತ್ತದೆ. ನೀವು ನೋಡಿದ, ಕೇಳಿದ ಇಂಥ ಬೇರೆ ನಾಟಕಗಳು ಯಾವುವು? ಅವುಗಳ ಬಗ್ಗೆ ಬರೆಯಿರಿ.

ಹೊಸ ಕೇಳುಗ

ಸರ್, ಒಂದು ಸಣ್ಣ ಪ್ರಶ್ನೆ. ಬ್ಲೂಗ್ರಾಸ್ ಅಂದರೆ ಕಂಟ್ರಿ ಮ್ಯೂಸಿಕ್ಕೇ ಅಲ್ವಾ? ನನಗೆ ಎರಡೂ ಒಂದೇ ಥರ ಕೇಳಿಸುತ್ತದೆ.

ಬೆಳಗಾವಿ ಕುಂದಾ

ನಂದೂ ಒಂದು ಪ್ರಶ್ನೆ. ನಮ್ಮ ಕಡೆ ಗಣಪತಿ ಮೆರವಣಿಗೆಗೆ, ಮದುವೆ ವರಾತಕ್ಕೆ ಬ್ಯಾಂಜೊ ಪಾರ್ಟಿ ಬರುತ್ತದಲ್ಲ, ಅದೇ ಬ್ಯಾಂಜೊನಾ ಇದು?

ಐದನೇ ತಂತಿ

ಬೆಳಗಾವಿಯವರೇ, ಅದಲ್ಲ. ನಮ್ಮ ಕಡೆ ಬ್ಯಾಂಜೊ ಅನ್ನುವುದು ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗಕ್ಕೆ. ಅದರ ಮೂಲ ಜಪಾನಿನ ಒಂದು ವಾದ್ಯ. ಇದು ಬೇರೆ. ದುಂಡನೆಯ ಚೌಕಟ್ಟಿಗೆ ಬಿಗಿದ ತೊಗಲು, ಈಗ ಪ್ಲಾಸ್ಟಿಕ್ ಹಾಳೆ, ಉದ್ದನೆಯ ಕತ್ತು, ಐದು ತಂತಿ. ಐದನೇದು ಗಿಡ್ಡ ತಂತಿ, ಕತ್ತಿನ ಅರ್ಧದಲ್ಲಿ ಶುರುವಾಗುತ್ತದೆ. ಅದು ಯಾವಾಗಲೂ ಒಂದೇ ಸ್ವರ ಮಿಡಿಯುತ್ತಿರುತ್ತದೆ, ತಂಬೂರಿಯ ಹಾಗೆ ಒಳಗಿಂದ ಶ್ರುತಿ ಹಿಡಿದಿರುತ್ತದೆ. ನನ್ನ ಹೆಸರು ಅಲ್ಲಿಂದಲೇ ಬಂದದ್ದು.

ಹೊಸ ಕೇಳುಗರಿಗೆ: ಎರಡೂ ನೆಂಟರು, ಆದರೆ ಒಂದೇ ಅಲ್ಲ. ಬ್ಲೂಗ್ರಾಸ್‌ಗೆ ಹುಟ್ಟಿದ ಕಾಲ ಸುಮಾರಾಗಿ ಗುರುತಿಸಬಹುದು. ಕೆಂಟಕಿಯ ರೊಸೀನ್ ಎಂಬ ಊರಿನ ಬಿಲ್ ಮನ್ರೊ ತನ್ನ ರಾಜ್ಯದ ಅಡ್ಡಹೆಸರನ್ನೇ ಬ್ಯಾಂಡಿಗೆ ಇಟ್ಟುಕೊಂಡಿದ್ದರು, ಬ್ಲೂ ಗ್ರಾಸ್ ಬಾಯ್ಸ್ ಅಂತ. 1945ರ ಡಿಸೆಂಬರ್‌ನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ 21 ವರ್ಷದ ನಾರ್ತ್ ಕೆರೊಲಿನಾದ ಹುಡುಗ ಆ ಬ್ಯಾಂಡಿಗೆ ಸೇರಿದ. ಬಲಗೈಯ ಮೂರು ಬೆರಳಿನಿಂದ ಉರುಳುರುಳಾಗಿ ನುಡಿಸುವ ಅವನ ಶೈಲಿ ಬಂದಮೇಲೆ ಈ ಸಂಗೀತಕ್ಕೆ ಈಗಿನ ರೂಪ ಬಂತು. ಬ್ಯಾಂಜೊ, ಪಿಟೀಲು, ಮ್ಯಾಂಡೋಲಿನ್, ಗಿಟಾರ್, ನಿಂತು ನುಡಿಸುವ ದೊಡ್ಡ ಬೇಸ್. ಡ್ರಮ್ ಇಲ್ಲ. ಮ್ಯಾಂಡೋಲಿನ್‌ನವರು ತಂತಿಗಳನ್ನು ಹೊಡೆದು ತಕ್ಷಣ ಬೆರಳು ಸಡಿಲಿಸಿ ಸದ್ದು ಕತ್ತರಿಸುತ್ತಾರೆ, 'ಚಕ್' ಅನ್ನುತ್ತದೆ, ಅದೇ ಡ್ರಮ್ಮಿನ ಕೆಲಸ ಮಾಡುತ್ತದೆ. ಹಳೆಯ ಬ್ಯಾಂಡುಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಮೈಕ್. ಸರದಿ ಬಂದವರು ಮುಂದೆ ಬಂದು ನುಡಿಸಿ ಹಿಂದೆ ಸರಿಯುತ್ತಿದ್ದರು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದ ಹಾಗೆ ಅಷ್ಟು ಜನ ಸುತ್ತುವುದನ್ನು ನೋಡಿದರೆ ಅದೇ ಒಂದು ಕುಣಿತ. ಅದಕ್ಕೇ ನಾನು ಹೇಳಿದ್ದು, ಇದು ಕಣ್ಣಿಗೂ ಬೇಕಾದ ಸಂಗೀತ.

ಇನ್ನೊಂದು ಮಾತು. 'ಬ್ರೈಟ್ ಸ್ಟಾರ್' ಕಥೆಯಲ್ಲಿ ಯುದ್ಧ ಮುಗಿಸಿ ಹುಡುಗ ಊರಿಗೆ ಬರುವುದು ಸರಿಯಾಗಿ 1945ರಲ್ಲಿ. ಅಂದರೆ ಕಥೆಯ ಜನ ರೇಡಿಯೋ ಹಾಕಿದರೆ ಬ್ಲೂಗ್ರಾಸ್ ಹುಟ್ಟುತ್ತಿರುವುದು ಅವರ ಕಿವಿಗೇ ಬೀಳುವ ಕಾಲ.

ಪಿಟ್‌ನಲ್ಲಿ ಕೂತವನು

ಐದನೇ ತಂತಿಯವರೇ, ನಿಮ್ಮ ಬರಹ ಇಷ್ಟವಾಯಿತು. ಆದರೆ ಒಪ್ಪುವುದಿಲ್ಲ. ನಾನು ಹನ್ನೆರಡು ವರ್ಷದಿಂದ ಹವ್ಯಾಸಿ ಮ್ಯೂಸಿಕಲ್‌ಗಳಿಗೆ ಗಿಟಾರ್ ನುಡಿಸುತ್ತಿದ್ದೇನೆ, ಬಹುಪಾಲು ಪಿಟ್‌ನಲ್ಲಿ.

ಪಿಟ್ ಸುಮ್ನೆ ಬಂದದ್ದಲ್ಲ. ನಟ ಮಾತು ಮರೆತ ಅಂದುಕೊಳ್ಳಿ. ಹಾಡು ಶುರುವಾಗುವ ಮುಂಚೆ ಎರಡು ಸಾಲು ಸಂಗೀತ ಸುತ್ತುತ್ತಿರುತ್ತದೆ, ನಾವು ವ್ಯಾಂಪ್ ಅನ್ನುತ್ತೇವೆ, ನಟನ ಮಾತು ಮುಗಿಯುವವರೆಗೂ ಅದನ್ನೇ ತಿರುಗಿಸಿ ತಿರುಗಿಸಿ ನುಡಿಸಬೇಕು. ಯಾವಾಗ ಬಿಡಬೇಕು ಅನ್ನುವುದನ್ನು ಕಂಡಕ್ಟರ್, ಅಂದರೆ ಕೈಸನ್ನೆಯಿಂದ ವಾದ್ಯದವರನ್ನು ನಡೆಸುವವರ ಕೈ ಹೇಳುತ್ತದೆ. ಆ ಕೈ ಎಲ್ಲರಿಗೂ ಕಾಣಬೇಕು. ಬ್ಯಾಂಡನ್ನು ತಿರುಗುವ ಮನೆಯೊಳಗೆ ಹಾಕಿದರೆ ಯಾರ ಕೈ ಯಾರು ನೋಡುವುದು?

ಎರಡನೇದು ದೀಪದ ಕಾವು. ರಂಗದ ಮೇಲೆ ಎರಡು ಗಂಟೆ ದೀಪದ ಕೆಳಗೆ ನಿಂತರೆ ತಂತಿ ಕಾದು ಶ್ರುತಿ ಇಳಿಯುತ್ತದೆ. ನಟ ಅಳುತ್ತಾ ಮಗುವಿನ ಬಗ್ಗೆ ಹಾಡುತ್ತಿರುವಾಗ ಹಿಂದೆ ನಿಂತವನು ಬಿರಡೆ ತಿರುಗಿಸುತ್ತಿದ್ದರೆ ಚೆನ್ನಾಗಿರುತ್ತದಾ? ಪಿಟ್‌ನಲ್ಲಿ ಕತ್ತಲು ನಮ್ಮನ್ನು ಕಾಪಾಡುತ್ತದೆ.

ಮೂರನೇದು ಸದ್ದು. ಬ್ಯಾಂಜೊ ಮನುಷ್ಯನ ಮಾತನ್ನು ನುಂಗಿಹಾಕುತ್ತದೆ. ಗಿಟಾರ್ ಹಾಗಲ್ಲ. ನಟನ ಹಿಂದೆಯೇ ಬ್ಯಾಂಜೊ ಇದ್ದರೆ ನಟನ ಕಾಲರ್ ಮೈಕಿಗೂ ಬ್ಯಾಂಜೊ ಹೊಕ್ಕುತ್ತದೆ. ಆಮೇಲೆ ಸೌಂಡ್ ಹುಡುಗ ಏನೂ ಮಾಡಲಾರ.

ನೀವು ನೋಡಿದ ಮೊದಲ ಪ್ರದರ್ಶನ ಸಪ್ಪೆ ಆಗಿದ್ದಕ್ಕೆ ಪಿಟ್ ಕಾರಣ ಅಲ್ಲ ಅಂತ ನನಗೆ ಅನ್ನಿಸುತ್ತದೆ. ತಾಲೀಮು ಕಡಿಮೆ ಆಗಿರಬೇಕು.

ಐದನೇ ತಂತಿ

ನೀವು ಹೇಳಿದ ಮೂರೂ ನಿಜ. ದೀಪದ ಕಾವಿನದು ನನಗೂ ಅನುಭವ ಇದೆ. ಹೋದ ವರ್ಷ ಒಂದು ಶಾಲೆಯ ಮಕ್ಕಳ ನಾಟಕಕ್ಕೆ ನಾನೇ ಬ್ಯಾಂಜೊ ಹಿಡಿದು ರಂಗದ ಮೇಲೆ ನಿಂತಿದ್ದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ದೊಡ್ಡ ಕಷ್ಟ ಶ್ರುತಿಯದು. ಬ್ಯಾಂಜೊ ತಂತಿಗಳನ್ನು ಜಿ ಶ್ರುತಿಗೆ ಕೂಡಿಸಿರುತ್ತೇವೆ. ನಾಟಕದ ಹಾಡು ನಟರ ಗಂಟಲಿಗೆ ತಕ್ಕ ಹಾಗೆ ಬರುತ್ತದೆ. ಒಂದು ಹಾಡು ಜಿ, ಮುಂದಿನದು ಬಿ ಫ್ಲಾಟ್, ನಡುವೆ ಎಂಟು ಸೆಕೆಂಡಿನ ಮಾತು. ಮೂರನೇ ಮೆಟ್ಟಿಗೆ ಕೇಪೋ, ಅಂದರೆ ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು ಹಾಕಿದರೆ ನಾಲ್ಕು ತಂತಿ ಸರಿಹೋಯಿತು. ಆದರೆ ಐದನೇ ತಂತಿ ಶುರುವಾಗುವುದೇ ಐದನೇ ಮೆಟ್ಟಿನಲ್ಲಿ, ಕೇಪೋ ಅದನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಬ್ಯಾಂಜೊದವರು ಏನು ಮಾಡುತ್ತಾರೆ ಗೊತ್ತಾ? ಆಟಿಕೆ ರೈಲಿನ ಹಳಿ ಕೂರಿಸಲು ಬರುವ ಪುಟ್ಟ ಮೊಳೆಗಳನ್ನು ತಂದು ಕತ್ತಿನ ಏಳನೇ ಮೆಟ್ಟು, ಒಂಬತ್ತನೇ ಮೆಟ್ಟಿನ ಹತ್ತಿರ ಬಡಿದಿರುತ್ತಾರೆ. ಅಕ್ಕಿಕಾಳಿಗಿಂತ ಚಿಕ್ಕ ಮೊಳೆ. ಐದನೇ ತಂತಿಯನ್ನು ಏಳರ ಮೊಳೆಯ ಕೆಳಗೆ ಸಿಕ್ಕಿಸಿ, ಬಿರಡೆಯಲ್ಲಿ ಇನ್ನರ್ಧ ಸ್ವರ ಏರಿಸಿದರೆ ಬಿ ಫ್ಲಾಟ್. ಇದೆಲ್ಲ ಎಂಟು ಸೆಕೆಂಡಿನಲ್ಲಿ, ಸದ್ದಿಲ್ಲದೆ, ಮಗು ಮಾತಾಡುತ್ತಿರುವಾಗ. ಮೊದಲ ತಾಲೀಮಿನಲ್ಲಿ ನನ್ನ ಬೆರಳು ನಡುಗಿ ತಂತಿ ಮೊಳೆಯಿಂದ ಜಾರಿ 'ಟೊಂಯ್' ಅಂತು.

ಮಾತಿನ ಮೇಲೆ ಬ್ಯಾಂಜೊ ಕೂರುವುದಕ್ಕೂ ಒಂದು ದಾರಿ ಇದೆ. ಹಿಂಭಾಗ ತೆರೆದಿರುವ ಬ್ಯಾಂಜೊ ಆದರೆ, ಒಳಗಿನ ಕಂಬಿಗೂ ತೊಗಲಿಗೂ ನಡುವೆ ಒಂದು ಮಡಿಸಿದ ಕರ್ಚೀಫು ತುರುಕಿದರೆ ಸದ್ದು ಅರ್ಧ ಇಳಿಯುತ್ತದೆ, ದನಿಯೂ ಸ್ವಲ್ಪ ಮೆತ್ತಗಾಗುತ್ತದೆ. ನಾನು ನನ್ನ ಹೆಂಡತಿಯ ಹಳೆಯ ಕಾಟನ್ ಸೀರೆಯ ತುಂಡು ಇಟ್ಟಿದ್ದೆ, ಬಹಳ ಚೆನ್ನಾಗಿ ಕೂತಿತು.

ಇನ್ನು ಕಂಡಕ್ಟರ್ ಕೈ. ಬ್ಲೂಗ್ರಾಸ್ ಬ್ಯಾಂಡಿಗೆ ಕಂಡಕ್ಟರ್ ಅಂತ ಯಾವತ್ತೂ ಇರಲಿಲ್ಲ. ಬೇಸಿನವನ ತಲೆ, ಮ್ಯಾಂಡೋಲಿನ್‌ನವನ ಮೊಣಕೈ, ಅಷ್ಟೇ ನೋಡುವುದು. ನಟರು ಅವರಿಗೆ ಕಾಣುವ ಹಾಗಿದ್ದರೆ ಎಷ್ಟು ಸಲ ವ್ಯಾಂಪ್ ಸುತ್ತಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಪಿಟ್‌ನಿಂದ ನಟರ ಮುಖ ಕಾಣುವುದು ಕಂಡಕ್ಟರ್ ಒಬ್ಬರಿಗೇ ತಾನೇ?

ಪಿಟ್‌ನಲ್ಲಿ ಕೂತವನು

ಅದು ಸರಿ. ಹನ್ನೆರಡು ವರ್ಷದಲ್ಲಿ ನಾನು ನಟರ ಮುಖ ನೋಡಿದ್ದು ಪಾರ್ಟಿಗಳಲ್ಲಿ ಮಾತ್ರ. ಮೊಳೆಯ ವಿಷಯ ಗೊತ್ತಿರಲಿಲ್ಲ, ನಮ್ಮ ಬ್ಯಾಂಜೊದವರನ್ನು ಕೇಳುತ್ತೇನೆ.

ಗುಹೆಯ ಪ್ರತಿಧ್ವನಿ

ಈ ಚರ್ಚೆಯಲ್ಲಿ 'ಫ್ಲಾಯ್ಡ್ ಕಾಲಿನ್ಸ್' ಹೆಸರು ಇನ್ನೂ ಬಂದಿಲ್ಲವಲ್ಲ! ನನಗೆ ಇದು ಎಲ್ಲಕ್ಕಿಂತ ಹತ್ತಿರದ ನಾಟಕ. ಸಂಗೀತ ಆಡಮ್ ಗೆಟಲ್, ಕಥೆ ಟೀನಾ ಲ್ಯಾಂಡೌ. 1996ರಲ್ಲಿ ನ್ಯೂಯಾರ್ಕಿನ ಆಫ್ ಬ್ರಾಡ್‌ವೇಯಲ್ಲಿ, ಅಂದರೆ ಅಲ್ಲಿಯ ಚಿಕ್ಕ ಥಿಯೇಟರಿನಲ್ಲಿ ಬಂತು, ಬರೀ 25 ಪ್ರದರ್ಶನ. ಆದರೆ ಅದರ ಧ್ವನಿಮುದ್ರಿಕೆ ಕೈಯಿಂದ ಕೈಗೆ ಹೋಗಿ ಹೋಗಿ ಜನ ಅದನ್ನು ಬಿಡಲಿಲ್ಲ. ಬ್ರಾಡ್‌ವೇ ಮುಟ್ಟಿದ್ದು 2025ರಲ್ಲಿ, ಲಿಂಕನ್ ಸೆಂಟರ್‌ನಲ್ಲಿ, ಜೆರೆಮಿ ಜೋರ್ಡನ್ ಫ್ಲಾಯ್ಡ್ ಆಗಿದ್ದರು.

ಕಥೆ ನಿಜವಾಗಿ ನಡೆದದ್ದು. ಕೆಂಟಕಿಯ ಆ ಭಾಗದಲ್ಲಿ ನೆಲದ ಕೆಳಗೆಲ್ಲ ಗುಹೆ. ಮ್ಯಾಮತ್ ಗುಹೆಗೆ ಪ್ರವಾಸಿಗರು ಬರುತ್ತಿದ್ದರು, ಅದನ್ನು ನೋಡಿ ಸುತ್ತಮುತ್ತಲಿನ ಬಡ ರೈತರೂ ತಮ್ಮ ಜಮೀನಿನ ಗುಹೆ ತೋರಿಸಿ ನಾಲ್ಕು ಕಾಸು ಮಾಡಲು ಹೊರಟಿದ್ದರು. ಫ್ಲಾಯ್ಡ್ ಅಂಥ ಒಬ್ಬ. 1925ರ ಜನವರಿ 30ರಂದು ಸ್ಯಾಂಡ್ ಕೇವ್ ಒಳಗೆ ತೆವಳಿಕೊಂಡು ವಾಪಸ್ ಬರುವಾಗ ಒಂದು ಕಲ್ಲು ಜಾರಿ ಪಾದ ಸಿಕ್ಕಿಕೊಂಡಿತು. ಕಲ್ಲು ದೊಡ್ಡದೇನಲ್ಲ, ಹನ್ನೆರಡು ಕಿಲೋ ಇದ್ದಿರಬಹುದು. ನಮ್ಮ ಮನೆಯ ಅರ್ಧ ಸಿಲಿಂಡರಿಗಿಂತಲೂ ಕಡಿಮೆ ತೂಕ. ಆದರೆ ಜಾಗ ಎಷ್ಟು ಇಕ್ಕಟ್ಟು ಅಂದರೆ ಯಾರ ಕೈಯೂ ಅದರವರೆಗೆ ಹೋಗುವ ಹಾಗಿರಲಿಲ್ಲ. ಲೂಯಿವಿಲ್ ಪತ್ರಿಕೆಯ ಸ್ಕೀಟ್ಸ್ ಮಿಲ್ಲರ್ ಎಂಬ ಸಣ್ಣ ಮೈಕಟ್ಟಿನ ವರದಿಗಾರ ಒಳಗೆ ನುಸುಳಿ ಅವನ ಹತ್ತಿರ ಹೋಗಿ ಮಾತಾಡಿಸಿಕೊಂಡು ಬರುತ್ತಿದ್ದ, ಊಟ ತಿನ್ನಿಸುತ್ತಿದ್ದ. ಆ ವರದಿಗಳಿಗೆ ಮಿಲ್ಲರ್‌ಗೆ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಮೇಲೆ ಸಾವಿರಾರು ಜನ ಸೇರಿ ಜಾತ್ರೆಯೇ ಆಯಿತು, ತಿಂಡಿ ಮಾರುವವರು ಬಂದರು. ಕೆಳಗೆ ಇವನೊಬ್ಬ. ಫೆಬ್ರವರಿ 16ಕ್ಕೆ ಅಗೆದು ತಲುಪಿದಾಗ ಜೀವ ಹೋಗಿತ್ತು.

ಈಗ ಸಂಗೀತಕ್ಕೆ ಬರುತ್ತೇನೆ. ಶುರುವಿನಲ್ಲಿ ಫ್ಲಾಯ್ಡ್ ಇನ್ನೂ ಸಿಕ್ಕಿಕೊಂಡಿಲ್ಲ, ಹೊಸ ಗುಹೆ ಹುಡುಕುತ್ತಾ ಇಳಿಯುತ್ತಿದ್ದಾನೆ. ಗುಹೆ ಎಷ್ಟು ದೊಡ್ಡದು ಅಂತ ತಿಳಿಯಲು ಕೂಗುತ್ತಾನೆ, ಬೆಟ್ಟದ ಜನ ಕೂಗುವ ಹಾಗೆ ಗಂಟಲು ಮುರಿದು ಯೋಡಲ್ ಮಾಡುತ್ತಾನೆ. ಪ್ರತಿಧ್ವನಿ ಬರುತ್ತದೆ. ಅದರ ಮೇಲೆ ಇನ್ನೊಂದು ಕೂಗು ಹಾಕುತ್ತಾನೆ, ಅದೂ ತಿರುಗಿ ಬರುತ್ತದೆ. ನೋಡನೋಡುತ್ತಾ ಒಬ್ಬನೇ ಮನುಷ್ಯ ತನ್ನದೇ ದನಿಯ ಜೊತೆ ನಾಲ್ಕು ಜನರ ಹಾಡು ಹಾಡುತ್ತಾನೆ. ಬೆಟ್ಟದ ಚರ್ಚುಗಳಲ್ಲಿ ಮನೆಮಂದಿಯೆಲ್ಲ ಸೇರಿ ದನಿ ಕೂಡಿಸಿ ಹಾಡುವ ರೂಢಿ ಇದೆ, ಇಲ್ಲಿ ಅವನಿಗೆ ಕೂಡಿಕೊಳ್ಳಲು ಸಿಕ್ಕಿದ್ದು ಕಲ್ಲು ಮಾತ್ರ. ಅಷ್ಟು ಖುಷಿಯಿಂದ ಹಾಡುತ್ತಾನೆ! ಕೊನೆಗೆ ಪ್ರತಿಧ್ವನಿ ಮತ್ತೆ ಬರುವಾಗ ನನಗೆ ಪ್ರತಿ ಸಲ ಕಣ್ಣು ತುಂಬುತ್ತದೆ.

ಹಳೆ ರೆಕಾರ್ಡು

ಗುಹೆಯವರೇ, ನಾಟಕ ದೊಡ್ಡದು, ಒಪ್ಪಿದೆ. ಆದರೆ ಅದನ್ನು ಬ್ಲೂಗ್ರಾಸ್ ಅನ್ನಬಹುದಾ? ಬ್ಯಾಂಜೊ, ಹಾರ್ಮೋನಿಕಾ ಇವೆ ಹೌದು. ಸ್ವರಗಳು ಹೋಗುವ ದಾರಿ ಮಾತ್ರ ಇಪ್ಪತ್ತನೇ ಶತಮಾನದ ಯುರೋಪಿನ ಶಾಸ್ತ್ರೀಯ ಸಂಗೀತದ್ದು. ಮನ್ರೊ ಕೇಳಿದವರಿಗೆ ಮುಂದಿನ ಸ್ವರ ಯಾವುದು ಅಂತ ಗೊತ್ತಿರುತ್ತದೆ. ಗೆಟಲ್‌ನಲ್ಲಿ ಗೊತ್ತಾಗುವುದೇ ಇಲ್ಲ. ಮೇಲಾಗಿ 1925ರಲ್ಲಿ ಬ್ಲೂಗ್ರಾಸ್ ಹುಟ್ಟೇ ಇರಲಿಲ್ಲ.

ಗುಹೆಯ ಪ್ರತಿಧ್ವನಿ

ಹುಟ್ಟಿರಲಿಲ್ಲ, ನಿಜ. ಆದರೆ ಮನ್ರೊ ಆಗ 13 ವರ್ಷದ ಹುಡುಗ, ಅದೇ ಕೆಂಟಕಿಯಲ್ಲಿ. ಅವರ ಕಿವಿಗೆ ಬೀಳುತ್ತಿದ್ದ ಹಳೆಯ ಪಿಟೀಲು, ಲಾವಣಿ, ಚರ್ಚಿನ ದನಿ, ಇವೇ ಫ್ಲಾಯ್ಡ್ ಸುತ್ತಲೂ ಇದ್ದದ್ದು. ಫ್ಲಾಯ್ಡ್ ಸತ್ತ ವರ್ಷವೇ ಅವನ ಸಾವಿನ ಬಗ್ಗೆ ಲಾವಣಿ ಕಟ್ಟಿ ವರ್ನನ್ ಡಾಲ್‌ಹಾರ್ಟ್ ಹಾಡಿದ ರೆಕಾರ್ಡು ಭಾರಿ ಮಾರಾಟವಾಯಿತು. ಅಂದರೆ ಈ ಕಥೆ ಮೊದಲಿಂದಲೂ ಹಾಡೇ. ಗೆಟಲ್ ಸ್ವರಗಳು ಕಷ್ಟದ್ದು ಅನ್ನುವುದು ಒಪ್ಪುತ್ತೇನೆ. ನೀವು ಹೇಳಿದ ಹಾಗೆ ಮುಂದಿನ ಸ್ವರ ಗೊತ್ತಾಗುವುದಿಲ್ಲ, ಗುಹೆಯಲ್ಲೂ ಮುಂದಿನ ಹೆಜ್ಜೆ ಗೊತ್ತಾಗುವುದಿಲ್ಲವಲ್ಲ.

ಹಳೆ ರೆಕಾರ್ಡು

ಈ ಮಾತು ಹಿಡಿಸಿತು. ಇನ್ನೊಂದು ಸಲ ಕೇಳುತ್ತೇನೆ.

ನಾನು ನಿಜವಾಗಿ ಬರೆಯಬೇಕು ಅಂದುಕೊಂಡದ್ದು 'ದಿ ರಾಬರ್ ಬ್ರೈಡ್‌ಗ್ರೂಮ್' ಬಗ್ಗೆ. ಇದು 1975ರದ್ದು, ಆಲ್ಫ್ರೆಡ್ ಉಹ್ರಿ ಬರೆದ ಮಾತು ಮತ್ತು ಹಾಡು, ರಾಬರ್ಟ್ ವಾಲ್ಡ್‌ಮನ್ ಸಂಗೀತ. ಯೂಡೋರಾ ವೆಲ್ಟಿಯ 1942ರ ಕಿರುಕಾದಂಬರಿ ಇದರ ಮೂಲ, ಅದಕ್ಕೂ ಹಿಂದೆ ಗ್ರಿಮ್ ಸಹೋದರರ ಕಥೆ. ಮಿಸಿಸಿಪಿಯ ಕಾಡುದಾರಿ, ಅಲ್ಲೊಬ್ಬ ಚೆಲುವ ದರೋಡೆಕೋರ, ಒಬ್ಬ ತೋಟದ ಯಜಮಾನನ ಮಗಳು, ಮಲತಾಯಿ, ಪೆಟ್ಟಿಗೆಯೊಳಗೆ ಇಟ್ಟುಕೊಂಡು ತಿರುಗುವ ಮಾತಾಡುವ ತಲೆ. ಮೊದಲ ಸಲ ಬ್ರಾಡ್‌ವೇಗೆ ಬಂದಾಗ ಕೆವಿನ್ ಕ್ಲೈನ್, ಪ್ಯಾಟಿ ಲುಪೋನ್ ಇನ್ನೂ ಎಳೆಯರು, ಅವರೇ ನಾಯಕ ನಾಯಕಿ. ಮರುವರ್ಷ ಮತ್ತೆ ಬಂತು, ನಟ ಬ್ಯಾರಿ ಬಾಸ್ಟ್‌ವಿಕ್‌ಗೆ ಟೋನಿ, ಅಂದರೆ ಬ್ರಾಡ್‌ವೇ ನಾಟಕಗಳ ದೊಡ್ಡ ಪ್ರಶಸ್ತಿ ಸಿಕ್ಕಿತು.

ಐದನೇ ತಂತಿಯವರ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇಲ್ಲಿ ಊರ ಜನ ಸೇರಿ ಕುಣಿಯುತ್ತಾ ಕಥೆ ಹೇಳುತ್ತಾರೆ. ಕುಣಿತ ಇದ್ದಮೇಲೆ ಪಿಟೀಲು ಬ್ಯಾಂಜೊ ಅಲ್ಲೇ ಇರಬೇಕು, ಅವರೂ ಆ ಊರಿನವರೇ. ನಾನು ಒಂದು ಕಾಲೇಜಿನಲ್ಲಿ ನೋಡಿದೆ. ಒಬ್ಬ ನಟ ಹಲಗೆ ಹಿಡಿದು ನಿಂತರೆ ಬಾಗಿಲು, ಇಬ್ಬರು ಕೈ ಚಾಚಿದರೆ ಮರ. ನಡುವೆ ಬ್ಯಾಂಜೊದವನ ಹ್ಯಾಟು ಎತ್ತಿಕೊಂಡು ಹೋಗಿ ಅದನ್ನೇ ಪಾತ್ರೆ ಮಾಡಿಕೊಂಡರು. ಅವನು ಬರಿತಲೆಯಲ್ಲಿ ನುಡಿಸುತ್ತಲೇ ಇದ್ದ. ಬ್ಯಾಂಡ್ ಕೆಳಗಿದ್ದಿದ್ದರೆ ಇದು ಆಗುತ್ತಿತ್ತಾ?

ಬಡಗುತಿಟ್ಟು

ಸುಮ್ಮನೆ ಓದುತ್ತಿದ್ದೆ, ಈಗ ತಡೆಯಲಾಗಲಿಲ್ಲ. ಹೊನ್ನಾವರದವನು ನಾನು, ಹಿಮ್ಮೇಳ ಕಾಣದ ಆಟವನ್ನೇ ನೋಡಿಲ್ಲ. ಭಾಗವತರು ವೇಷಧಾರಿಯ ಬೆನ್ನು ನೋಡಿಕೊಂಡೇ ಅವನು ದಣಿದಿದ್ದಾನಾ, ಇನ್ನೊಂದು ಸುತ್ತು ಕುಣಿಯುತ್ತಾನಾ ಅಂತ ತಿಳಿದು ಪದ ಎಳೆಯುತ್ತಾರೆ, ಇಲ್ಲಾ ಮುಗಿಸುತ್ತಾರೆ. ಪಿಟೀಲಿನವರು ಭುಜ ನೋಡಿದರು ಅಂತ ಐದನೇ ತಂತಿಯಣ್ಣ ಬರೆದಿದ್ದು ಓದಿ ನನಗೆ ಅದೇ ಕಣ್ಣಿಗೆ ಬಂತು.

ಐದನೇ ತಂತಿ

ಹೌದು ಮಾರಾಯರೇ. ಒಂದು ವ್ಯತ್ಯಾಸ ಇದೆ. ನಿಮ್ಮಲ್ಲಿ ಆಟ ನಡೆಸುವವರು ಭಾಗವತರು. ಇಲ್ಲಿ ನಾಟಕಕಾರ ಬರೆದದ್ದರ ಆಚೆಗೆ ಬ್ಯಾಂಡ್ ಹೋಗುವಂತಿಲ್ಲ. ಬ್ಲೂಗ್ರಾಸ್ ಕಛೇರಿಯಲ್ಲಿ ಹಾಡಿನ ನಡುವೆ ಪ್ರತಿ ವಾದ್ಯಕ್ಕೂ ಸರದಿ ಸಿಗುತ್ತದೆ, ಬ್ರೇಕ್ ಅನ್ನುತ್ತಾರೆ, ಆ ಹೊತ್ತಿಗೆ ತೋಚಿದ್ದನ್ನು ನುಡಿಸಬಹುದು. ನಾಟಕದಲ್ಲಿ ಆ ಬ್ರೇಕ್ ದೃಶ್ಯ ಬದಲಿಸಲು ಮೇಜು ಕುರ್ಚಿ ಎತ್ತುವ ಹೊತ್ತಿಗೆ ಸಿಗುತ್ತದೆ, ಅದೂ ದಿನಾ ಒಂದೇ ಥರ, ಎಣಿಸಿ ಹದಿನಾರು ಸುತ್ತು. ನನಗೆ ಈ ನಾಟಕಗಳಲ್ಲಿ ನಿಜವಾಗಿ ನೋವಾಗುವುದು ಇದೊಂದೇ.

ಕಾಟನ್ ಚೀಲ

ಹಾಗಾದರೆ 'ಕಾಟನ್ ಪ್ಯಾಚ್ ಗಾಸ್ಪೆಲ್' ಕೇಳಿ. 1981ರದ್ದು. ಯೇಸುವಿನ ಕಥೆಯನ್ನು ಜಾರ್ಜಿಯಾದ ಹಳ್ಳಿಗಳಿಗೆ ತಂದಿದ್ದಾರೆ, ಬಹುಪಾಲು ಒಬ್ಬನೇ ನಟ ಎಲ್ಲ ಪಾತ್ರ ಮಾಡುತ್ತಾನೆ, ಜೊತೆಗೆ ಒಂದು ಸಣ್ಣ ಬ್ಲೂಗ್ರಾಸ್ ಬ್ಯಾಂಡ್. ಸಂಗೀತ ಹ್ಯಾರಿ ಚೇಪಿನ್ ಅವರದ್ದು. ನ್ಯೂಯಾರ್ಕಿನಲ್ಲಿ ನಾಟಕ ತೆರೆ ಕಾಣುವ ಮುಂಚೆ ಅದೇ ವರ್ಷ ಜುಲೈನಲ್ಲಿ ರಸ್ತೆ ಅಪಘಾತದಲ್ಲಿ ಅವರು ಹೋಗಿಬಿಟ್ಟರು. ಇಲ್ಲಿ ಬ್ಯಾಂಡಿನವರು ಹಾಡುತ್ತಾರೆ, ಮಾತಾಡುತ್ತಾರೆ, ಶಿಷ್ಯರೂ ಆಗುತ್ತಾರೆ.

ನದಿ ದಂಡೆ

'ಬಿಗ್ ರಿವರ್' ಬಿಡಬೇಡಿ. ಹಕಲ್‌ಬೆರಿ ಫಿನ್ ಕಥೆ, ರೋಜರ್ ಮಿಲ್ಲರ್ ಹಾಡು, 1985ರಲ್ಲಿ ಏಳು ಟೋನಿ. ಬ್ಲೂಗ್ರಾಸ್‌ಗಿಂತ ಕಂಟ್ರಿ ಜಾಸ್ತಿ, ಆದರೂ ಪಿಟೀಲು ಬ್ಯಾಂಜೊ ಇಲ್ಲದೆ ಆ ನದಿ ಹರಿಯುವುದಿಲ್ಲ. 2003ರಲ್ಲಿ ಕಿವಿ ಕೇಳದ ನಟರೂ ಕೇಳುವ ನಟರೂ ಸೇರಿ ಸನ್ನೆ ಭಾಷೆಯಲ್ಲಿ ಇದನ್ನು ಬ್ರಾಡ್‌ವೇಯಲ್ಲಿ ಆಡಿದರು.

ಸೋರೆಬುರುಡೆ

ಒಂದು ವಿಷಯ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ನೀವೆಲ್ಲ ಹೇಳಿದ ಬೆಟ್ಟದ ಕಥೆಗಳಲ್ಲಿ ಬ್ಯಾಂಜೊ ಹಿಡಿದವರು ಬಹುಪಾಲು ಬಿಳಿಯರು. ಬ್ಯಾಂಜೊ ಬಂದದ್ದು ಆಫ್ರಿಕಾದಿಂದ. ಗುಲಾಮರಾಗಿ ತಂದ ಜನ ತಮ್ಮ ನೆನಪಿನಿಂದ ಇಲ್ಲಿ ಮತ್ತೆ ಕಟ್ಟಿಕೊಂಡ ವಾದ್ಯ ಅದು, ಮೊದಮೊದಲು ಸೋರೆಬುರುಡೆಗೆ ತೊಗಲು ಬಿಗಿದು ಮಾಡುತ್ತಿದ್ದರು. ಆ ಗಿಡ್ಡ ತಂತಿಯ ಬೇರೂ ಅಲ್ಲೇ. ಐದನೇ ತಂತಿಯವರೇ, ನೀವಿರುವ ನಾರ್ತ್ ಕೆರೊಲಿನಾದಲ್ಲೇ ಕಪ್ಪು ಜನರ ಪಿಟೀಲು ಬ್ಯಾಂಜೊ ಬ್ಯಾಂಡುಗಳ ದೊಡ್ಡ ಪರಂಪರೆ ಇತ್ತು. ಮೆಬೇನ್ ಊರಿನ ಜೋ ಥಾಮ್ಸನ್ ಎಂಬ ಹಿರಿಯ ಪಿಟೀಲು ವಾದಕರು 2012ರಲ್ಲಿ ತೀರಿಕೊಂಡರು. ಅವರ ಮನೆಗೆ ಹೋಗಿ ಕೂತು ಕಲಿತವರಲ್ಲಿ ರಿಯಾನನ್ ಗಿಡೆನ್ಸ್ ಒಬ್ಬರು. 2005ರಲ್ಲಿ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ಎಂಬ ಬ್ಯಾಂಡ್ ಶುರುವಾಗಿದ್ದು ಹಾಗೆ.

ಗಿಡೆನ್ಸ್ ರಂಗಕ್ಕೂ ಬಂದರು. ಮೈಕೆಲ್ ಏಬಲ್ಸ್ ಜೊತೆ ಸೇರಿ 'ಓಮರ್' ಎಂಬ ಆಪೆರಾ ಬರೆದರು. 2022ರಲ್ಲಿ ಚಾರ್ಲ್ಸ್‌ಟನ್‌ನ ಸ್ಪೊಲೆಟೊ ಉತ್ಸವದಲ್ಲಿ ಮೊದಲ ಪ್ರದರ್ಶನ, 2023ರಲ್ಲಿ ಪುಲಿಟ್ಜರ್. ಆಫ್ರಿಕಾದಿಂದ ಹಿಡಿದು ತಂದು ಕೆರೊಲಿನಾದಲ್ಲಿ ಮಾರಿದ ಒಬ್ಬ ಮುಸ್ಲಿಂ ವಿದ್ವಾಂಸನ ಕಥೆ, ಅವನು ಅರಬಿಯಲ್ಲಿ ಬರೆದಿಟ್ಟ ಆತ್ಮಕಥೆಯಿಂದ. ಅದು ಬ್ಲೂಗ್ರಾಸ್ ಅಲ್ಲ, ಗೊತ್ತು. ಆದರೆ ಬ್ಯಾಂಡ್ ಕಾಣಿಸಬೇಕು ಅಂತ ಕೇಳುತ್ತಿದ್ದೀರಲ್ಲ, ಬ್ಯಾಂಡಿನಲ್ಲಿ ಯಾರು ಯಾರು ಇದ್ದರು ಅನ್ನುವುದೂ ಕಾಣಿಸಬೇಕು.

ಐದನೇ ತಂತಿ

ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ನನಗೆ ಕಲಿಸಿದವರು ಮೊದಲ ದಿನವೇ ಸೋರೆಬುರುಡೆಯ ಬ್ಯಾಂಜೊ ಒಂದನ್ನು ಕೈಗೆ ಕೊಟ್ಟಿದ್ದರು. ಎಷ್ಟು ಹಗುರ! ನುಡಿಸಿದರೆ ಲೋಹದ ಕಿಣಿಕಿಣಿ ಇಲ್ಲ, ಬಾಯಿ ಮುಚ್ಚಿ ಗುನುಗಿದ ಹಾಗಿರುತ್ತದೆ. ಅದನ್ನು ಮೊದಲ ಬರಹದಲ್ಲೇ ಹೇಳಬೇಕಿತ್ತು.

ಹೊಸ ಕೇಳುಗ

ಎಷ್ಟೊಂದು ವಿಷಯ ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್. ಒಂದು ಕೇಳಲೇಬೇಕು. 'ಬ್ರೈಟ್ ಸ್ಟಾರ್' ಇಷ್ಟು ಚೆನ್ನಾಗಿದ್ದರೆ ಬ್ರಾಡ್‌ವೇಯಲ್ಲಿ ಯಾಕೆ ಮೂರೇ ತಿಂಗಳಿಗೆ ನಿಂತಿತು?

ಹಳೆ ರೆಕಾರ್ಡು

ಅದು 'ಹ್ಯಾಮಿಲ್ಟನ್' ಎಂಬ ಇನ್ನೊಂದು ಮ್ಯೂಸಿಕಲ್ ಬಂದ ಸೀಸನ್ನು. 'ಬ್ರೈಟ್ ಸ್ಟಾರ್'ಗೆ ಐದು ಟೋನಿಗೆ ಹೆಸರು ಬಂತು, ಒಂದೂ ಸಿಗಲಿಲ್ಲ, ಆ ವರ್ಷ ಹನ್ನೊಂದು 'ಹ್ಯಾಮಿಲ್ಟನ್' ಒಂದಕ್ಕೇ ಹೋಯಿತು. ಕಥೆಯ ಗುಟ್ಟು ಬಹಳ ಬೇಗ ಗೊತ್ತಾಗಿಬಿಡುತ್ತದೆ ಅನ್ನುವವರೂ ಇದ್ದಾರೆ. ನನಗೂ ಮಧ್ಯಂತರಕ್ಕೆ ಮುಂಚೆಯೇ ಗೊತ್ತಾಗಿತ್ತು.

ಐದನೇ ತಂತಿ

ಗೊತ್ತಾದರೇನಂತೆ? ಲಾವಣಿ ಕೇಳುವವರಿಗೆ ಕೊನೆ ಏನು ಅಂತ ಮೊದಲೇ ಗೊತ್ತಿರುತ್ತದೆ, ಆದರೂ ಕೂತು ಕೇಳುತ್ತಾರೆ. ಸಾವಿರ ಜನ ಕೂರುವ ಬ್ರಾಡ್‌ವೇ ಥಿಯೇಟರಿಗಿಂತ ಇನ್ನೂರು ಜನರ ಹಾಲ್‌ಗೆ ಈ ನಾಟಕ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ನಂಬಿಕೆ. ಈಗ ಶಾಲೆ, ಕಾಲೇಜು, ಊರ ತಂಡಗಳು ಇದನ್ನು ಎತ್ತಿಕೊಂಡಿವೆ, ಅಲ್ಲಿ ಮ್ಯಾಂಡೋಲಿನ್‌ನ 'ಚಕ್' ನೇರ ಎದೆಗೆ ಬಡಿಯುತ್ತದೆ.

ಹೊಸ ಕೇಳುಗ

ನಮ್ಮೂರ ಕಾಲೇಜಿನಲ್ಲಿ ಮುಂದಿನ ತಿಂಗ್ಳು ಇದೇ ನಾಟಕ ಇದೆ ಸರ್, ಈಗ ತಾನೇ ನೋಡಿದೆ. ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಅವಳು ಪಿಟೀಲು ಕಲಿಯುತ್ತಿದ್ದಾಳೆ. ಎಲ್ಲಿ ಕೂತರೆ ಒಳ್ಳೆಯದು?

ಐದನೇ ತಂತಿ

ಮೊದಲು ಟಿಕೆಟ್ ಕೌಂಟರಿಗೆ ಫೋನ್ ಮಾಡಿ ಬ್ಯಾಂಡ್ ರಂಗದ ಯಾವ ಕಡೆ ಇದೆ ಅಂತ ಕೇಳಿ. ಮುಂದಿನ ಸಾಲು ಬೇಡ, ಕತ್ತು ನೋಯುತ್ತದೆ, ಐದನೇ ಆರನೇ ಸಾಲು ಸಾಕು. ಬ್ಯಾಂಡ್ ಇರುವ ಕಡೆಗೆ ಎದುರು ಬದಿಯಲ್ಲಿ ಕೂತರೆ ಪಿಟೀಲಿನವರ ಬಲಗೈ ಪೂರ್ತಿ ಕಾಣುತ್ತದೆ. ಹಾಡು ಶುರುವಾಗುವ ಮುಂಚೆ ಮಗಳಿಗೆ ಆ ಕೈ ತೋರಿಸಿ.

ಪಿಟ್‌ನಲ್ಲಿ ಕೂತವನು

ಬ್ಯಾಂಡ್ ಪಿಟ್‌ನಲ್ಲಿದೆ ಅಂದರೆ ಬಾಲ್ಕನಿಯ ಮೊದಲ ಸಾಲು ತೆಗೆದುಕೊಳ್ಳಿ, ಅಲ್ಲಿಂದ ನಾವೂ ಕಾಣುತ್ತೇವೆ.